ಹುಳದ ಮನೆಯ ಹೊಸ್ತಿಲು

ಎರಡು ಸಾವಿರದ ಇಸವಿ ದಾಟಿದ ಮೇಲೆ, ಚಾಮರಾಜನಗರದಲ್ಲಿ ಗುಮಾಸ್ತನಾಗಿದ್ದ ನಾನು ನಿವೃತ್ತಿಯ ಹೊತ್ತಿಗೆ ಕ್ರೈಸ್ತನಾದೆ. ಕುಡಿತ ಬಿಟ್ಟೆ, ಇಸ್ಪೀಟು ಬಿಟ್ಟೆ. ಬಾಡಿಗೆ ಮನೆಯೊಂದರಲ್ಲಿ ನಮ್ಮ ಪ್ರಾರ್ಥನೆ ನಡೆಯುತ್ತಿತ್ತು. ಭಾನುವಾರ ಯಾರಾದರೊಬ್ಬರು ಎದ್ದು ಸಾಕ್ಷಿ ಹೇಳುವುದು ವಾಡಿಕೆ. ಯಾರೂ ಏಳದಿದ್ದರೆ ನಾನು ಏಳುತ್ತಿದ್ದೆ. ಪಶ್ಚಾತ್ತಾಪಪಟ್ಟೆ, ನಂಬಿದೆ, ರಕ್ಷಣೆಯ ನಿಶ್ಚಯ ಸಿಕ್ಕಿತು, ಈಗ ತಲೆ ಇಟ್ಟರೆ ನಿದ್ದೆ ಬರುತ್ತದೆ ಎನ್ನುತ್ತಿದ್ದೆ. ನಿದ್ದೆ ಬರುತ್ತಿದ್ದದ್ದು ನಿಜ.

ಗುಂಡ್ಲುಪೇಟೆ ದಾಟಿ, ಕಾಡಂಚಿನ ಮದ್ದೂರಿನ ಕಡೆ ನಮ್ಮೂರು. ಅಲ್ಲಿ ತೀರಿಹೋದ ನನ್ನ ತಮ್ಮನ ಹೆಂಡತಿ, ಮಗ ಸೊಸೆಯರೊಂದಿಗೆ ಇದ್ದಳು. ಹೋದಾಗಲೆಲ್ಲ ಅವಳನ್ನು ಕರೆಯುತ್ತಿದ್ದೆ. "ಎಂಥಾ ಪಾಪ್ನಾದ್ರೂ ತೊಳೀತಾನೆ ಕಣವ್ವ, ಒಂದ್ಸಲ ಬಂದ್ ನೋಡು."

"ಭಾವ ಕುಡೀತಿದ್ದಾಗ್ಲೇ ವಾಸಿ. ಇಷ್ಟ್ ಮಾತಾಡ್ತಿರ್ನಿಲ್ಲ" ಎಂದು ಸೊಸೆಗೆ ಹೇಳಿ ನಗುತ್ತಿದ್ದಳು.

ಅವರ ಹಿತ್ತಿಲಲ್ಲಿ ಹಿಂದೆ ರೇಷ್ಮೆ ಸಾಕುತ್ತಿದ್ದ ಹುಳದ ಮನೆಯಿತ್ತು. ಈಗ ಅದರ ತುಂಬ ಸೌದೆ. ಸೌದೆ ಬೇಕಾದರೆ ಅವಳು ಬಾಗಿಲ ಹೊರಗೇ ನಿಂತು ಸೊಸೆಯನ್ನು ಒಳಗೆ ಕಳಿಸುತ್ತಿದ್ದಳು. ಹಾವಿನ ಭಯವಿರಬೇಕು ಎಂದುಕೊಂಡಿದ್ದೆ.

ಒಂದು ಭಾನುವಾರ ಅವಳು ಬಂದೇಬಿಟ್ಟಳು. ನಾನು ಹೆಮ್ಮೆಯಿಂದ ಮುಂದಿನ ಚಾಪೆಯಲ್ಲಿ ಕೂರಿಸಿದೆ. ಕೊನೆಯಲ್ಲಿ ಪಾಸ್ಟರು, ಯಾರಿಗಾದರೂ ಪ್ರಾರ್ಥನೆ ಬೇಕೇ ಎಂದು ಕೇಳಿದರು. ಅವಳು ಸೆರಗು ಹೊದ್ದು ಎದ್ದಳು.

"ನಮ್ ಭಾವ ಎಂಥಾ ಪಾಪಕ್ಕೂ ಕ್ಷಮೆ ಅದ ಅಂದ್ರು, ಅಯ್ಯನೋರೆ. ಹೊಸದಾಗಿ ಮದ್ವೆಯಾಗಿದ್ದಾಗ ಸೊಪ್ಪಾಕಕ್ಕೆ ಉಳದ್ ಮನೆಗೆ ಓಗಿದ್ದೆ. ಒಳಗಿದ್ದಾಗ್ಲೇ ಮುಟ್ಟಾಗ್ಬುಡ್ತು. ಸಂಜೆಗೆ ಉಳ ಎಲ್ಲ ಸತ್ತೋದೊ. ನಮ್ಮತ್ತೆ ಸಾಯೋಗಂಟ್ಲೂ ಅದ್ನೇ ಆಡ್ಕೊಂಡು ಓದ್ರು. ಅದ್ಕೂ ಕ್ಷಮೆ ಅದಾ?"

"ಅದು ಪಾಪವೇ ಅಲ್ಲಮ್ಮ" ಎಂದರು ಪಾಸ್ಟರು.

"ಅಲ್ಲ ಅನ್ಬೇಡಿ. ಅಷ್ಟು ಜೀವ ಸತ್ತೊ" ಎಂದವಳೇ ಮೊಣಕಾಲೂರಿದಳು.

ಬೈಬಲು ಕೈಯಿಂದ ಜಾರಿ ತೊಡೆಯ ಮೇಲೆ ಬಿತ್ತು.

ಆ ಹುಳಗಳನ್ನು ಕೊಂದವನು ನಾನು. ತಮ್ಮನ ಹಿಪ್ಪುನೇರಳೆಯ ಪಕ್ಕದಲ್ಲೇ ನನ್ನ ಟೊಮೆಟೊ ಇತ್ತು. "ಗಾಳಿ ನಿಂತ್ಮೇಲೆ ಔಷ್ದಿ ಹೊಡಿ ಕಣಣ್ಣ" ಎಂದು ಅವನು ಹೇಳಿದ್ದ. ನನಗೆ ಚಾಮರಾಜನಗರದ ಬಸ್ಸು ಹಿಡಿಯುವ ಆತುರ, ಗಾಳಿಯಲ್ಲೇ ಹೊಡೆದೆ. ಔಷಧಿ ಬಿದ್ದ ಸೊಪ್ಪನ್ನು ಆಗಿನ್ನೂ ಹುಡುಗಿಯಾಗಿದ್ದ ಇವಳು ಕೊಯ್ದು ಹುಳಕ್ಕೆ ಹಾಕಿದಳು. ಹಣ್ಣಾಗಿ ಗೂಡು ಕಟ್ಟಲು ಬಂದ ಹುಳಗಳು ಹಸಿರು ಕಾರಿಕೊಂಡು ತಟ್ಟೆಯ ಮೇಲೆ ನುಲಿದಾಡಿದವು. ಮರುದಿನ ಸುದ್ದಿ ತಿಳಿದ ಕೂಡಲೇ ಇದು ನನ್ನ ಔಷಧಿಯ ಕೆಲಸ ಎಂದು ಗೊತ್ತಾಯಿತು. ಆದರೆ ಅಷ್ಟರಲ್ಲಿ ನಮ್ಮವ್ವ ಮುಟ್ಟಿನ ಮಾತು ಎತ್ತಿದ್ದಳು. ನಾನು ಸುಮ್ಮನಾದೆ. ತಮ್ಮ ಮತ್ತೆ ಹುಳ ಸಾಕಲಿಲ್ಲ.

ದೀಕ್ಷಾಸ್ನಾನದ ಮುನ್ನ ಕುಡಿತವನ್ನೂ ಇಸ್ಪೀಟನ್ನೂ ಹೆಸರಿಟ್ಟು ಒಪ್ಪಿಕೊಂಡಿದ್ದೆ. ಉಳಿದದ್ದಕ್ಕೆ "ನನ್ನ ಎಲ್ಲ ಪಾಪಗಳನ್ನೂ" ಎಂದು ಒಟ್ಟಿಗೇ ಹೇಳಿ ಮುಗಿಸಿದ್ದೆ. ಇದನ್ನು ಮರೆತಿದ್ದೆ ಎಂದರೆ ಸುಳ್ಳು. ಮರೆತಿರಲಿಲ್ಲ, ಹುಳ ತಾನೇ ಎಂದುಕೊಂಡಿದ್ದೆ. ಒಬ್ಬ ಹೆಂಗಸು ಅದನ್ನು ಇಷ್ಟು ಕಾಲ ಹೊತ್ತುಕೊಂಡು ತಿರುಗಿದ್ದಳೆಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಪಾಪಕ್ಕೆ ಅವಳು ಮೊಣಕಾಲೂರಿದ್ದಳು. ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ.

ಎದ್ದು ನಿಂತೆ. ಔಷಧಿಯ ವಿಷಯ ಎಲ್ಲರೆದುರು ಹೇಳಿದೆ.

ಬೈಯುತ್ತಾಳೆ ಎಂದುಕೊಂಡೆ. ಅವಳು ಮೊಣಕಾಲ ಮೇಲೇ ತಿರುಗಿ ನನ್ನನ್ನು ನೋಡಿ, "ಅಂಗಾರೆ ನಾನಲ್ವಾ?" ಎಂದಳು. ಮತ್ತೆ, "ನಾನಲ್ವಾ ಭಾವ?" ನೀನಲ್ಲ ಎಂದು ತಲೆಯಾಡಿಸಿದೆ. ಆಮೇಲೆ ಅವಳ ಮುಖ ಬದಲಾಯಿತು. "ಇಲ್ಲಿ ಯಾರ್ಗೆ ಏಳ್ತಿದ್ದೀರಿ? ನನ್ನ ಆಡ್ಕೊಂಡೋರು ಇಲ್ಲಿದ್ದಾರಾ? ಊರ್ಗೆ ಬನ್ನಿ."

ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ ಪಾಸ್ಟರನ್ನು ಕೇಳಿದೆ: "ಹಾಗಾದರೆ ಇಷ್ಟು ದಿನ ನನಗೆ ರಕ್ಷಣೆ ಸಿಕ್ಕಿತ್ತೋ, ಇಲ್ಲವೋ?"

"ಅದನ್ನ ನಾಳೆ ಕೇಳಿ" ಎಂದರು. "ಆಯಮ್ಮ ಬಸ್ ಸ್ಟ್ಯಾಂಡಿಗೆ ಹೊರಟಾಯ್ತು."

ಊರಿನ ನೀರಿನ ತೊಂಬೆಯ ಹತ್ತಿರ ಸಂಜೆ ಹೆಂಗಸರಿದ್ದರು. ಬಿಂದಿಗೆಗಳ ನಡುವೆ ನಿಂತು ನಾನು ಎಲ್ಲವನ್ನೂ ಹೇಳಿದೆ. ಯಾರೋ ನಲ್ಲಿ ನಿಲ್ಲಿಸಿದರು. ಅವ್ವನ ಓರಗೆಯ ಮುದುಕಿಯೊಬ್ಬಳು, "ಥೂ ನಿನ್ನ! ನಿಮ್ಮವ್ವ ಇದ್ದಾಗ ಬಾಯಿಗೆ ಏನ್ ತುರುಕ್ಕೊಂಡಿದ್ದೆ?" ಎಂದಳು. ಅವ್ವನಿಗೆ ಹೇಳುವ ದಾರಿ ಮುಚ್ಚಿಹೋಗಿತ್ತು. ಯಾವ ಕ್ಷಮೆಯಿಂದಲೂ ಅದು ತೆರೆಯದು ಎಂಬುದು ಅಲ್ಲಿ ನಿಂತಾಗ ತಿಳಿಯಿತು.

ಮನೆಗೆ ಬಂದೆವು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕಾಫಿಗೆಂದು ಸೊಸೆ ಸೌದೆ ತರಲು ಎದ್ದಳು.

"ನೀ ಕೂತ್ಕೊಳಮ್ಮಿ" ಎಂದು ಅವಳೇ ಹಿತ್ತಿಲಿಗೆ ಹೋದಳು. ಹುಳದ ಮನೆಯ ಹೊಸ್ತಿಲ ಮುಂದೆ ನಿಂತು, ಬಾಗಿಲ ಚೌಕಟ್ಟನ್ನು ಒಮ್ಮೆ ಮುಟ್ಟಿ, ಒಳಗೆ ಕಾಲಿಟ್ಟಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಸೊಸೆ ನನ್ನನ್ನು ನೋಡಿದಳು. ಒಲೆಯ ಮೇಲೆ ಪಾತ್ರೆ ಇತ್ತು, ಕೆಳಗೆ ಬೆಂಕಿ ಇರಲಿಲ್ಲ. ನಾವಿಬ್ಬರೂ ಕಾದು ಕುಳಿತೆವು.