ತಪ್ಪಿದ್ದು ತಂತಿಯೋ, ಎದೆಯೋ?

ವಿನಿಪೆಗ್‌ನಲ್ಲಿ ಬೆಳಗಿನ ಆರು ಗಂಟೆ. ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿನ ಚಳಿ. ಒರೀಸಿಯಾ ವಾಸಿಲಿಕ್ ಎಂಜಿನ್ ಹೆಪ್ಪುಗಟ್ಟದಂತೆ ಕಾರಿನ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಹಳೆಯ ಕಟ್ಟಡದ ಐದನೇ ಮಹಡಿಗೆ ಬರುತ್ತಾರೆ. ಒಳಗೂ ಕೋಟು ಬಿಚ್ಚುವಂತಿಲ್ಲ. ಯಂತ್ರಗಳಿಗೆ ತಂಪು ಬೇಕು, ಮನುಷ್ಯರ ಚಳಿಯನ್ನು ಕೇಳುವವರು ಯಾರು? ಡಬ್ಬಿಯ ರೈ ಬ್ರೆಡ್ಡನ್ನು ಪಕ್ಕಕ್ಕಿಟ್ಟು ಪರದೆಯ ಹಸಿರು ಗೆರೆಯಲ್ಲಿ ಕಣ್ಣು ನೆಡುತ್ತಾರೆ.

ನಲವತ್ತೆರಡು ಇಂಟರ್ನೆಟ್ ಜಾಲಗಳು ಬಂದು ಕೂಡುವುದು ಈ ಕೋಣೆಯಲ್ಲಿ. ಒಂದರಿಂದ ಇನ್ನೊಂದಕ್ಕೆ ಎಷ್ಟು ದಾಟಿತು ಎಂದು ಅಳೆಯುವುದು ಅರವತ್ತಮೂರರ ಒರೀಸಿಯಾ ಅವರ ಕೆಲಸ. ಏನು ದಾಟಿತು ಎಂಬುದು ಅವರಿಗೆ ಕಾಣುವುದಿಲ್ಲ, ಬೇಕಾಗಿಯೂ ಇಲ್ಲ. ಇಪ್ಪತ್ತರ ವಯಸ್ಸಿನಲ್ಲಿ ರೈಲ್ವೆ ಯಾರ್ಡಿನಲ್ಲಿ ನಿಂತು, ಒಂದು ಕಂಪನಿಯ ಹಳಿಯಿಂದ ಇನ್ನೊಂದರ ಹಳಿಗೆ ಹೋಗುವ ಗೋಧಿ ವ್ಯಾಗನ್ನುಗಳನ್ನು ಎಣಿಸುತ್ತಿದ್ದವರು. "ಆಗ ಬೆರಳೂ ಮರಗಟ್ಟೋದು, ಈಗ ಬರೀ ಕಾಲು," ಎನ್ನುತ್ತಾರೆ. ಆ ಕೆಲಸ ಕೈತಪ್ಪಿದಾಗ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಸಂಜೆ ತರಗತಿಯಲ್ಲಿ ಇದನ್ನು ಕಲಿತರು.

ಕಳೆದ ಚಳಿಗಾಲದಲ್ಲಿ ಅವರಿಗೊಂದು ಫೋನು ಬಂತು. ಮಾತಾಡಿದವರು ಉತ್ತರದ ಕ್ರೀ ಬುಡಕಟ್ಟಿನ ಹಳ್ಳಿಯೊಂದರ ನರ್ಸ್ ವರ್ನಾ ಫ್ಲೆಟ್. ಆ ಹಳ್ಳಿಗೆ ವಿಮಾನವೇ ಗತಿ. ಬೇಟೆಗಾರ ಅಜ್ಜ ವಿಲ್ಫ್ರೆಡ್ ಬಿಯರ್ಡಿಯ ಎದೆಗೆ ವರ್ನಾ ಸ್ಟೆತಾಸ್ಕೋಪ್ ಹಿಡಿದರೆ, ವಿನಿಪೆಗ್‌ನ ಡಾಕ್ಟರು ಇಲ್ಲಿಂದಲೇ ಇಂಟರ್ನೆಟ್ ಮೂಲಕ ಬಡಿತ ಕೇಳುತ್ತಾರೆ. ಬಡಿತ ನಡುನಡುವೆ ತಪ್ಪುತ್ತಿತ್ತು. ತಪ್ಪಿದ್ದು ಎದೆಯೋ, ಇಂಟರ್ನೆಟ್ ತಂತಿಯೋ? ಎರಡು ಸಲ ಅಜ್ಜನನ್ನು ಪಟ್ಟಣಕ್ಕೆ ಕರೆತಂದರು. ಬಂದ ದಿನ ಎದೆ ಸರಿಯಾಗಿಯೇ ಬಡಿಯಿತು. ಮೂರನೆಯ ಸಲ ಅಜ್ಜ ಬೂಟು ಹಾಕಲು ಒಪ್ಪಲಿಲ್ಲ. "ಕೆಟ್ಟಿರೋದು ನಿಮ್ ತಂತಿ. ನನ್ಯಾಕೆ ಹೊತ್ಕೊಂಡು ತಿರುಗ್ತೀರಿ?" ಎಂದರಂತೆ.

ಹಳ್ಳಿಯ ಜಾಲವೂ ಆಸ್ಪತ್ರೆಯ ಜಾಲವೂ ಕೂಡುವುದು ಒರೀಸಿಯಾ ಅವರ ಕೋಣೆಯಲ್ಲೇ. ಹಳ್ಳಿಯ ಜಾಲದವರು ಆಸ್ಪತ್ರೆಯ ಜಾಲದತ್ತ ಬೆರಳು ತೋರಿಸಿದರು, ಅವರು ಇವರತ್ತ. ಇಬ್ಬರ ಕೈಯಲ್ಲೂ ಇದ್ದದ್ದು ಐದೈದು ನಿಮಿಷದ ಹರಿವಿನ ಸರಾಸರಿ. ಅದರ ಪ್ರಕಾರ ತಂತಿ ಅರ್ಧ ಖಾಲಿ. ಒರೀಸಿಯಾಗೆ ಅದು ಗಂಟಲಲ್ಲಿ ಇಳಿಯಲಿಲ್ಲ. "ಸಂಜೆವರೆಗೆ ಒಟ್ಟು ಇಷ್ಟು ಅಂತ ಬರೆದ್ರೆ ಯಾರ್ಡಲ್ಲಿ ಮೇಸ್ತ್ರಿ ಬೈಯ್ತಿದ್ದ. ದಾಟಿದ್ದನ್ನ ದಾಟಿದಾಗ್ಲೇ ಬರೀಬೇಕು." ಸೆಕೆಂಡಿಗೊಂದು ಎಣಿಕೆ ಹಾಕಿದರು, ದಿನಕ್ಕೆ ಎಂಬತ್ತಾರು ಸಾವಿರದ ನಾನೂರು. ಹನ್ನೊಂದು ಬೆಳಗು ಕೂತರು. ದಿನಕ್ಕೆ ಹಲವು ಸಲ, ಎರಡೇ ಸೆಕೆಂಡು, ತಂತಿ ತುಂಬಿ ಚೆಲ್ಲುತ್ತಿತ್ತು, ಚೆಲ್ಲಿದ್ದು ಡಾಕ್ಟರಿಗೆ ಮುಟ್ಟುತ್ತಿರಲಿಲ್ಲ. ಆ ಎರಡು ಸೆಕೆಂಡು ಸರಾಸರಿಯಲ್ಲಿ ಅನ್ನದೊಳಗಿನ ಕಲ್ಲಿನ ಹಾಗೆ ಅಡಗಿದ್ದವು. ಅಂಕಿ ಮುಂದಿಟ್ಟಾಗ ಇಬ್ಬರೂ ಸೇರಿ ಇನ್ನೊಂದು ತಂತಿ ಎಳೆಸಿದರು.

ಮುಂದಿನ ತಪಾಸಣೆಯಲ್ಲಿ ಬಡಿತ ಮತ್ತೆ ತಪ್ಪಿತು. ವರ್ನಾ ಗಾಬರಿಯಾಗಿ ಫೋನು ಮಾಡಿದರು. ಒರೀಸಿಯಾ ಆ ಹೊತ್ತಿನ ಒಂದೊಂದು ಸೆಕೆಂಡನ್ನೂ ತಡಕಿದರು. ತಂತಿಯಲ್ಲಿ ಏನೂ ಕಳೆದಿರಲಿಲ್ಲ. ಇದನ್ನು ನೀವೇ ಹೇಳಿ ಎಂದು ವರ್ನಾ ಫೋನನ್ನು ಅಜ್ಜನ ಕಿವಿಗೆ ಹಿಡಿದರು. ಇಷ್ಟು ವರ್ಷ ಎಣಿಸಿದ್ದರಲ್ಲಿ ಒರೀಸಿಯಾ ಯಾರೊಬ್ಬರ ದನಿಯನ್ನೂ ಕೇಳಿದವರಲ್ಲ.

"ನಮ್ ಕಡೆ ಒಂದೂ ಬಿದ್ದಿಲ್ಲ ತಾತ. ತಪ್ಪಿರೋದು ನಿಮ್ಮ ಎದೆ."

ಅಜ್ಜ "ಸರಿ ಮಗಳೇ, ಬೂಟು ಎಲ್ಲಿಟ್ಟಿದೀನೋ ನೋಡ್ತೀನಿ," ಎಂದರು. ಅದೇ ವಾರ ಅವರ ಎದೆಗೆ ಪೇಸ್‌ಮೇಕರ್ ಕೂತಿತು. ಈಗ ತಿಂಗಳಿಗೊಮ್ಮೆ ಒರೀಸಿಯಾಗೆ ಅಜ್ಜನಿಂದ ವಿಮಾನದಲ್ಲಿ ಹೊಗೆಯಾಡಿಸಿದ ಮೀನು ಬರುತ್ತದೆ. ಕೋಣೆಯೆಲ್ಲ ನಾರುತ್ತದೆಂದು ಸಹೋದ್ಯೋಗಿಗಳು ಗೊಣಗುತ್ತಾರೆ, ತಿನ್ನುವಾಗ ಮಾತ್ರ ಯಾರೂ ಹಿಂದೆ ಬೀಳುವುದಿಲ್ಲ.

ಏಪ್ರಿಲ್‌ನಲ್ಲಿ ಒರೀಸಿಯಾ ನಿವೃತ್ತರಾಗುತ್ತಾರೆ. ಸೆಕೆಂಡಿನ ಎಣಿಕೆ ಯಂತ್ರದಲ್ಲಿ ವಿಪರೀತ ಜಾಗ ತಿನ್ನುತ್ತದೆ, ಐದು ನಿಮಿಷದ್ದೇ ಸಾಕು ಎಂಬುದು ಆಡಳಿತ ಸಮಿತಿಯ ಯೋಚನೆ. ಬೀಳ್ಕೊಡುಗೆಗೆ ಏನು ಬೇಕೆಂದು ಕೇಳಿದವರಿಗೆ ಅವರು ಕೊಡುವ ಉತ್ತರ ಒಂದೇ.

"ನಂಗೇನೂ ಬೇಡ, ಆ ಎಣಿಕೆ ನಿಲ್ಲಿಸ್ಬೇಡಿ. ಐದು ನಿಮಿಷಕ್ಕೆ ತಾತನ ಎದೆ ಮುನ್ನೂರು ಸಲ ಬಡಿಯತ್ತೆ, ತಪ್ತಿದ್ದಿದ್ದು ಒಂದೋ ಎರಡೋ. ಸರಾಸರಿ ತೆಗೆದ್ರೆ ಅವರು ಚೆನ್ನಾಗೇ ಇದ್ರು."