ವಿಂಚಿಗೆ ಬಿಟ್ಟ ಎಣ್ಣೆ

ಎರಡು ವರ್ಷಗಳ ಹಿಂದಿನ ಮಾತು. ಆಗ ನಾನು ಲಿಂಗಸುಗೂರಿನಲ್ಲಿದ್ದೆ. ನೆರೆ ರಕ್ಷಣಾ ತಂಡಗಳ ದೋಣಿ, ಎಂಜಿನ್, ಟ್ರೇಲರ್‌ಗಳನ್ನು ಪರೀಕ್ಷಿಸಿ ವರದಿ ಕೊಡುವ ಇಂಜಿನಿಯರ್ ಹುದ್ದೆ ನನ್ನದು. ಯಂತ್ರ ಕೆಟ್ಟರೆ ನನಗೆ ಬೇಸರವಿಲ್ಲ, ಯಾಕೆ ಕೆಟ್ಟಿತೆಂದು ತಿಳಿಯದಿದ್ದರೆ ಮಾತ್ರ ಊಟ ರುಚಿಸುವುದಿಲ್ಲ. ಮನೆಯವರು ಇದನ್ನು ರೋಗ ಎನ್ನುತ್ತಾರೆ. ಎನ್ನಲಿ ಬಿಡಿ.

ದಸರಾ ಮುಗಿದ ವಾರದಲ್ಲೇ ಸಿಂಧನೂರಿನ ತಂಡದಿಂದ ಫೋನ್ ಬಂತು. ಮುಕ್ಕುಂದದ ಹತ್ತಿರ ಹೊಳೆಯಲ್ಲಿ ತಾಲೀಮು ಮುಗಿಸಿ ದೋಣಿಯನ್ನು ಟ್ರೇಲರ್‌ಗೆ ಏರಿಸುವಾಗ ವಿಂಚಿನ ಹ್ಯಾಂಡಲ್ ಹಿಂದಕ್ಕೆ ಗಿರ್ರನೆ ತಿರುಗಿ ಬಡಿದು ಬಸಲಿಂಗ ಎಂಬವನ ಮುಂಗೈ ಮುರಿದಿತ್ತು. ದೋಣಿ ಜಾರಿ ಮತ್ತೆ ನೀರು ಸೇರಿತ್ತು. ಪುಣ್ಯಕ್ಕೆ ಹಿಂದೆ ಯಾರೂ ನಿಂತಿರಲಿಲ್ಲ. ಬಸಲಿಂಗ ಮಸ್ಕಿಯವನು, ತಂಡದಲ್ಲಿ ಅವನಂಥ ಈಜುಗಾರ ಇನ್ನೊಬ್ಬನಿಲ್ಲ. ಆದರೂ ತಂಡದ ಮುಖ್ಯಸ್ಥ ಶರಣಪ್ಪನವರು ಆಗಲೇ ತೀರ್ಪು ಕೊಟ್ಟುಬಿಟ್ಟಿದ್ದರು.

“ಹ್ಯಾಂಡಲ್ ಕೈಬಿಟ್ಟಾನ್ರೀ ಮೇಡಂ. ಇಂಥಾ ಬೇಪರ್ವಾ ಮನಷಾನ್ನ ದೋಣಿ ಮ್ಯಾಲ ಇಟ್ಕೊಳ್ಳಾಕ ಆಗೂದಿಲ್ಲ. ನೀವು ಬಂದು ನೋಡಿ, ಹಂಗಂತ ಬರದು ಕೊಡ್ರಿ ಸಾಕು.”

ನಾನು ಏನು ಬರೆಯುತ್ತೇನೋ ಅದರ ಮೇಲೆ ಬಸಲಿಂಗನ ಕೆಲಸ ನಿಂತಿತ್ತು. ಮರುದಿನವೇ ಹೊಳೆಯ ದಂಡೆಗೆ ಹೋದೆ.

ವಿಂಚ್ ಎಂದರೆ ಟ್ರೇಲರ್‌ನ ಮುಂತುದಿಯಲ್ಲಿರುವ ಸುರುಳಿಯಂತ್ರ. ಹ್ಯಾಂಡಲ್ ತಿರುಗಿಸಿದರೆ ಗಟ್ಟಿ ಪಟ್ಟಿಯೊಂದು ಸುತ್ತಿಕೊಳ್ಳುತ್ತಾ ದೋಣಿಯನ್ನು ಮೇಲಕ್ಕೆಳೆಯುತ್ತದೆ. ಹಲ್ಲುಚಕ್ರಕ್ಕೆ ಅಡ್ಡಬೀಳುವ ಒಂದು ಕೊಕ್ಕೆ ಆ ಚಕ್ರ ಹಿಂದಕ್ಕೆ ತಿರುಗದಂತೆ ತಡೆಯುತ್ತದೆ. ಇವರದಕ್ಕೆ ಬ್ರೇಕ್ ಕೂಡ ಇತ್ತು, ಅಂದರೆ ತಿರುಗಿಸುವುದನ್ನು ನಿಲ್ಲಿಸಿದರೂ ದೋಣಿ ಇದ್ದಲ್ಲೇ ನಿಲ್ಲಬೇಕು.

ಬಸಲಿಂಗ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡೇ ಬಂದಿದ್ದ. “ಬೆವರು ಒರಸ್ಕೊಳ್ಳಾಕ ಒಂದೀಟು ಕೈ ತಗದ್ನಿರೀ. ದಿನಾ ತಗೀತಿದ್ದೆ, ದಿನಾ ನಿಲ್ತಿತ್ತು. ಅವತ್ತ್ಯಾಕ ನಿಲ್ಲಲಿಲ್ಲ, ನೀವ ಹೇಳ್ರಿ” ಎಂದ.

ಸರಿಯಾದ ಪ್ರಶ್ನೆ! ಪಟ್ಟಿ ಎಲ್ಲೂ ಹರಿದಿರಲಿಲ್ಲ. ಹಲ್ಲುಗಳು ಸವೆದಿರಲಿಲ್ಲ. ಖಾಲಿ ತಿರುಗಿಸಿದರೆ ಟಕ್ ಟಕ್ ಎಂದು ಚೊಕ್ಕವಾಗಿ ಓಡುತ್ತಿತ್ತು. ಭಾರ ಹಾಕಿಯೇ ನೋಡೋಣವೆಂದು ದೋಣಿಯನ್ನು ಅರ್ಧ ಏರಿಸಿ, ಜಾರಿದರೆ ತಡೆಯಲೆಂದು ಅದರ ಮೂತಿಗೂ ಟ್ರೇಲರ್‌ಗೂ ನಡುವೆ ಇನ್ನೊಂದು ಹಗ್ಗವನ್ನು ತುಸು ಸಡಿಲವಾಗಿ ಕಟ್ಟಿಸಿದೆ. ದೋಣಿಯ ಹಿಂದೆ, ಪಟ್ಟಿಯ ನೇರಕ್ಕೆ ಯಾರೂ ನಿಲ್ಲಕೂಡದೆಂದು ಗದರಿದೆ.

“ಹ್ಯಾಂಡಲ್ ನೀವ ಹಿಡೀರಿ ಶರಣಪ್ಪನೋರ. ಗಟ್ಟಿ ಹಿಡೀರಿ ಮತ್ತ” ಎಂದೆ.

ಅವರು ನಾಲ್ಕು ಸುತ್ತು ತಿರುಗಿಸಿ ನಿಲ್ಲಿಸಿದರು. ಮುಖದ ಬಣ್ಣವೇ ಬದಲಾಯಿತು.

“ಅಬ್ಬಬ್ಬಾ! ಕೈ ಹಿಂದಕ್ಕ ಎಳಿಯಾಕತ್ತೈತಲ್ರೀ!”

ಹಗ್ಗ ಭಾರ ಹಿಡಿಯುವವರೆಗೆ ಮೆಲ್ಲಗೆ ಬಿಡಿ ಎಂದು ಹೇಳಿ ನಾನು ಬಗ್ಗಿ ನೋಡಿದೆ. ಎಲಾ ಇದರ! ಕೊಕ್ಕೆ ತನ್ನ ಜಾಗದಲ್ಲೇ ಕೂತಿದೆ, ಹಲ್ಲುಚಕ್ರ ಒಂದಿಷ್ಟೂ ಅಲುಗುತ್ತಿಲ್ಲ, ಹ್ಯಾಂಡಲ್ ಮಾತ್ರ ಪಟ್ಟಿಯ ಸುರುಳಿಯ ಜೊತೆ ಹಿಂದಕ್ಕೆ ತಿರುಗುತ್ತಿದೆ. ಹಾಗಾದರೆ ಜಾರುತ್ತಿರುವುದು ಚಕ್ರವನ್ನು ಎರಡೂ ಕಡೆಯಿಂದ ಒತ್ತಿ ಹಿಡಿದು ಹ್ಯಾಂಡಲನ್ನೂ ಅದರೊಂದಿಗೆ ನಿಲ್ಲಿಸಬೇಕಾದ ಬ್ರೇಕ್ ಬಿಲ್ಲೆಗಳು. ದೋಣಿಯನ್ನು ನೀರಿಗಿಳಿಸಿ ವಿಂಚ್ ಬಿಚ್ಚಿಸಿದೆ. ಒಣಗಿರಬೇಕಾದ ಬಿಲ್ಲೆಗಳು ಮಿರಮಿರ ಮಿಂಚುತ್ತಿದ್ದವು. ಮುಟ್ಟಿದರೆ ಬೆರಳಿಗೆ ಎಣ್ಣೆ.

“ಇದಕ್ಕ ಎಣ್ಣಿ ಬಿಟ್ಟಾವರು ಯಾರು?”

ಬಸಲಿಂಗನೇ ಬಾಯಿಬಿಟ್ಟ. “ನಾನ್ರೀ. ಆಯುಧ ಪೂಜಿ ದಿನ ಜೀಪು, ಎಂಜಿನ್, ಪಂಪು, ಎಲ್ಲಾದಕ್ಕೂ ಎಣ್ಣಿ ಬಿಟ್ಟೆ. ದಿನಾ ದುಡಿಯೂದು ಇದು, ಇದಕ್ಕ ಕಡಿಮಿ ಮಾಡಬಾರದಂತ ಒಂದು ಕೈ ಹೆಚ್ಚಿಗೇ ಬಿಟ್ಟೆ.”

ತಪ್ಪು ಅವನದೇ ಎಂದು ಶರಣಪ್ಪನವರು ಈಗ ಮುಗಿಬೀಳುತ್ತಾರೆ ಎಂದುಕೊಂಡೆ. ಅವರು ತಮ್ಮ ಕೆಂಪಾದ ಅಂಗೈಯನ್ನೇ ನೋಡುತ್ತಾ ನಿಂತಿದ್ದರು.

“ಎಣ್ಣಿ ಡಬ್ಬಿ ಕೊಟ್ಟಾವ ನಾನ್ರೀ ಮೇಡಂ. ಒಂದು ಸಂದೀನೂ ಒಣಾ ಬಿಡಬ್ಯಾಡ ಅಂದಾವನೂ ನಾನ. ಬಸಲಿಂಗ ಎಲ್ಲೂ ಹೋಗೂದಿಲ್ಲ, ದೋಣಿ ಮ್ಯಾಲ ಇರ್ತಾನ.”

ಬ್ರೇಕಿಗೆ ಎಣ್ಣೆ ಸೇರಿದ್ದೇ ಅವಘಡಕ್ಕೆ ಕಾರಣವೆಂದು ವರದಿ ಬರೆದೆ, ಬಿಲ್ಲೆಗಳನ್ನು ಬದಲಿಸಿದೆವು. ಬಸಲಿಂಗನನ್ನು ಸುಮ್ಮನೆ ಬಿಡಲಿಲ್ಲ. “ಬ್ರೇಕ್ ಐತಂತ ಹ್ಯಾಂಡಲ್ ಬಿಡೂದಲ್ಲಪ್ಪಾ. ದೋಣಿ ಪೂರ್ತಿ ಏರಿ, ಸೇಫ್ಟಿ ಚೈನ್ ಹಾಕೂ ತನಕ ಕೈ ಅಲ್ಲೇ ಇರಬೇಕು” ಎಂದು ಬೈದೇ ಬಂದೆ.

ಆಮೇಲೆ ಎಲ್ಲಿ ಯಂತ್ರ ಕೆಟ್ಟರೂ ಯಾರು ಅಲಕ್ಷ್ಯ ಮಾಡಿದರು ಎಂದು ನಾನು ಮೊದಲು ಕೇಳುವುದಿಲ್ಲ. ಇದಕ್ಕೆ ಈಚೆಗೆ ಯಾರು ಏನು ಉಪಚಾರ ಮಾಡಿದರು ಎಂದು ಕೇಳುತ್ತೇನೆ. ನನ್ನ ವೃತ್ತಿ ಕಲಿಸಿದ್ದು ಅದನ್ನೇ.

ಮರುವರ್ಷದ ಆಯುಧ ಪೂಜೆಗೆ ನನ್ನನ್ನೂ ಕರೆದಿದ್ದರು. ಎಣ್ಣೆ ಡಬ್ಬಿ ಎಲ್ಲ ಗಾಡಿಗಳನ್ನೂ ಸುತ್ತಿ ಟ್ರೇಲರ್ ಹತ್ತಿರ ಬಂತು. ಬಸಲಿಂಗ ಅಡ್ಡ ನಿಂತ. “ಇದಕ್ಕ ಹೂವಷ್ಟ ಸಾಕು” ಎಂದು ಚೆಂಡುಹೂವಿನ ಸರ ಏರಿಸಿದ.

“ತಿರುಗಸೂ ಮುಂದ ಹೂವು ತಗೀಬೇಕು ಮತ್ತ” ಎಂದು ಛೇಡಿಸಿದೆ.

ಮಧ್ಯಾಹ್ನ ಹೊಳೆಗೆ ಹೋದೆವು. ಅವನು ಹೂವು ತೆಗೆದು ದೋಣಿಯನ್ನು ಎಳೆಯತೊಡಗಿದ, ಅರ್ಧದಲ್ಲಿ ನಿಲ್ಲಿಸಿದ. ದೋಣಿ ಇದ್ದಲ್ಲೇ ನಿಂತಿತು. ಹಣೆಯ ಬೆವರು ಕಣ್ಣಿಗಿಳಿಯುತ್ತಿದ್ದರೂ ಬಸಲಿಂಗ ಹ್ಯಾಂಡಲ್‌ನಿಂದ ಕೈ ತೆಗೆಯಲಿಲ್ಲ.