ನಾನೇ ಹೂತಿಟ್ಟ ನಿಧಿ

ಉತ್ಖನನದ ಬಗ್ಗೆ ನನಗಿರುವ ಪ್ರತ್ಯಕ್ಷ ಜ್ಞಾನವೆಂದರೆ, ನಲ್ಲಿ ಪೈಪಿಗೆಂದು ನಮ್ಮ ಮನೆಯ ಮುಂದೆ ಅಗೆದು ಎಂಟು ತಿಂಗಳು ಮುಚ್ಚದೇ ಬಿಟ್ಟಿದ್ದ ಕಾಲುವೆ. ಮಧುಗಿರಿಯ ಕಾಲೇಜೊಂದರಲ್ಲಿ ಗುಮಾಸ್ತ ನಾನು. ಅಡ್ಮಿಷನ್ ಫಾರಂಗಳಿಗೆ ಸೀಲು ಒತ್ತುತ್ತಲೇ ಆರು ಕಾದಂಬರಿ ಬರೆದಿದ್ದೇನೆ. ಆರರಲ್ಲೂ ಯಾರೋ ಏನನ್ನೋ ಅಗೆಯುತ್ತಾರೆ, ಹಾವು ಹೆಡೆಯೆತ್ತುತ್ತದೆ, ಕೊನೆಗೊಂದು ಶಾಸನ ಸಿಗುತ್ತದೆ. ಶಾಸನಗಳೂ ನನ್ನವೇ. ಊರು, ಬೆಟ್ಟ, ಕೋಟೆ ಎಲ್ಲವನ್ನೂ ಕಲ್ಪಿಸಿಯೇ ಬರೆಯುತ್ತಿದ್ದವನು ಐದನೆಯದರಲ್ಲಿ ಮಾತ್ರ ಸೋಮಾರಿತನ ಮಾಡಿದೆ.

ಕೊರಟಗೆರೆಯಿಂದ ಚನ್ನರಾಯನದುರ್ಗಕ್ಕೆ ಹೋಗುವಾಗ ಒಮ್ಮೆ ಬೈಕು ಪಂಕ್ಚರ್ ಆಗಿ, ಕನಕಾಂಬರದ ಹೊಲವೊಂದರ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದೆ. ಪಕ್ಕದಲ್ಲೊಂದು ವೀರಗಲ್ಲು. ಕತ್ತಿ ಹಿಡಿದ ವೀರ. ಮೂಗು ಸವೆದಿತ್ತು, ಹಣೆಯಲ್ಲಿ ಯಾರೋ ಇಟ್ಟ ಕುಂಕುಮ. ಆ ಕಲ್ಲನ್ನು ರಸ್ತೆಯ ತಿರುವು, ಹುಣಸೇಮರದ ಸಮೇತ ಎತ್ತಿ ಕಾದಂಬರಿಯೊಳಗೆ ನೆಟ್ಟೆ. ಪಾಳೇಗಾರನ ನಿಧಿಯನ್ನು ಅಲ್ಲಿಂದ ಮೂಡಣಕ್ಕೆ ಏಳು ಮಾರು ದೂರದಲ್ಲಿ ಹೂತೆ. ಎಂಟು ಅಂತಲೂ ಬರೆಯಬಹುದಿತ್ತು.

ಪುಸ್ತಕ ಬಂದು ವರ್ಷ ಕಳೆದಿರಬಹುದು. ಒಂದು ಭಾನುವಾರ ಬೆಳಿಗ್ಗೆ ಅರವತ್ತು ದಾಟಿದ ಹೆಂಗಸೊಬ್ಬರು ಗೇಟಿನ ಹತ್ತಿರ ನಿಂತು, "ಕತೆ ಬರಿಯೋ ಸಾಮಿ ನೀವೇನಾ?" ಎಂದರು. ಮನೆಯವರೆಗೆ ಓದುಗರು ಬಂದದ್ದು ಅದೇ ಮೊದಲು. ಸಹಿ ಹಾಕಲು ಜೇಬಿನಲ್ಲಿ ಪೆನ್ನು ತಡಕಾಡಿದೆ.

"ಎರಡೂ ಕೈ ಒಂಚೂರು ಚಾಚಿ."

ಚಾಚಿದೆ. ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಕಣ್ಣಲ್ಲೇ ಅಳೆದರು.

"ಇಷ್ಟೇಯಾ ನಿಮ್ ಮಾರು? ಉದ್ದ ಕೈನೋರು ಹೂವಿನ ಸಾಲ್ ಮಧ್ಯಕ್ಕೆ ತೋಡವ್ರೆ. ಗಿಡ್ಡ ಕೈನೋರು ಕಲ್ಲಿನ ಬುಡಕ್ಕೇ ಬಂದವ್ರೆ. ಯಾರ ಕೈ ಲೆಕ್ಕ ಅಂತನಾರ ಬರಿಬಾರ್ದಾಗಿತ್ತಾ?"

ಹೊಲ ಅವರದು. ಒಂಬತ್ತು ಗುಂಡಿಗಳಾಗಿದ್ದವಂತೆ. ಆ ಕಲ್ಲನ್ನು ಅವರ ಮನೆಯವರು ಅಜ್ಜಪ್ಪ ಅನ್ನುತ್ತಾರೆ. ಸಸಿ ನೆಡುವ ಮುಂಚೆ ಕಾಯಿ ಒಡೆಯುವುದು ಅದರ ಮುಂದೆಯೇ. "ಈಗ್ಲೇ ವಾಲ್ಕಂಡವ್ನೆ. ಇನ್ನೊಂದು ಗುಂಡಿ ಬಿದ್ರೆ ನಮ್ಮಜ್ಜಪ್ಪ ಮಕಾಡೆ ಬೀಳ್ತಾನೆ."

"ಅಮ್ಮಾ, ಅಲ್ಲಿ ಏನೂ ಇಲ್ಲ. ಅದು ನಾನು ಕಟ್ಟಿದ ಸುಳ್ಳು."

"ಸುಳ್ಳು ಅಂತ ನಂಗೊತ್ತಿಲ್ವಾ? ನಮ್ಮತ್ತೆ ಕಾಲ್ದಿಂದ ಆ ಹೊಲ ಗೇಯ್ದಿವ್ನಿ, ಒಂದು ಮೊಳೆ ಸಿಕ್ಕಿಲ್ಲ. ತೋಡೋರಿಗೆ ಹೇಳಿ."

ಹೇಳಿದೆ. ಸ್ಥಳೀಯ ಪತ್ರಿಕೆಗೆ ಕಾಗದ ಬರೆದೆ: ಸದರಿ ನಿಧಿಯು ಸಂಪೂರ್ಣ ಕಾಲ್ಪನಿಕವಾಗಿರುತ್ತದೆ. ಆ ವಾರ ಎರಡು ಗುಂಡಿ ಹೆಚ್ಚಾದವು. ಆಮೇಲೆ ಕೈಯಿಂದ ಖರ್ಚು ಮಾಡಿ, 'ಇಲ್ಲಿ ಯಾವುದೇ ನಿಧಿ ಇರುವುದಿಲ್ಲ' ಎಂದು ಕೆಂಪಕ್ಷರದ ಬೋರ್ಡು ನೆಡಿಸಿದೆ. ಅಲ್ಲಿಯವರೆಗೆ ಪುಸ್ತಕ ಓದಿದವರಿಗಷ್ಟೇ ಜಾಗ ಗೊತ್ತಿತ್ತು. ಈಗ ಬಸ್ಸಿನಲ್ಲಿ ಹೋಗುವವರಿಗೂ ಗೊತ್ತಾಯಿತು. ಪಾವಗಡದ ಕಡೆಯ ಇಬ್ಬರಂತೂ ಬೈಕು ನಿಲ್ಲಿಸಿ ಆಕೆಯನ್ನೇ ವಿಚಾರಿಸಿದರಂತೆ: "ಏಮೀ ಲೇಕಪೋತೇ, ಏನೂ ಇಲ್ದಿದ್ರೆ, ಬೋರ್ಡ್ ಯಾಕಮ್ಮ ಹಾಕ್ತಾರೆ?"

ನನ್ನ ಹೆಂಡತಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ನೀವು ಇಲ್ಲ ಅಂದಿದ್ದನ್ನ ಈ ಮನೇಲೇ ಯಾರೂ ನಂಬಲ್ಲ. ಅವ್ರು ನಂಬ್ತಾರೇನ್ರೀ?"

ಹದಿನೈದು ದಿನಕ್ಕೆ ಆಕೆ ಮತ್ತೆ ಬಂದರು. ಗುಂಡಿ ಹದಿನಾಲ್ಕಾಗಿತ್ತು. ಕಲ್ಲಿಗೆ ಮರದ ಕೊಂಬೆಯ ಊರೆ ಕೊಟ್ಟು ನಿಲ್ಲಿಸಿದ್ದರಂತೆ. ಈ ಸಲ ಬೈಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾದದ್ದು.

"ಇಲ್ಲ ಅಂದ್ರೆ ನಂಬಕ್ಕಿಲ್ಲ ಸಾಮಿ. ಇತ್ತು, ನಾನೇ ತಗಂಬುಟ್ಟೆ ಅಂದ್ಬುಡಿ."

ಎರಡು ದಿನ ನನಗೆ ಊಟ ಸೇರಲಿಲ್ಲ. ಸಿಕ್ಕ ನಿಧಿ ಸರ್ಕಾರಕ್ಕೆ ಸೇರಬೇಕಾದ್ದು. ಪೊಲೀಸರು ಬರುತ್ತಾರೆ, ಕಾಲೇಜಿನಿಂದ ಸಸ್ಪೆಂಡ್ ಮಾಡುತ್ತಾರೆ, ಇಲ್ಲದ ಚಿನ್ನವನ್ನು ನಾನು ಎಲ್ಲಿಂದ ತಂದು ಒಪ್ಪಿಸಲಿ? ಮೂರನೆಯ ದಿನ ಅವರ ಊರಿಗೇ ಹೋಗಿ ಇದೆಲ್ಲವನ್ನೂ ಆಕೆಗೆ ವಿವರಿಸಿದೆ. "ಬರ್ಕೊಡ್ಬ್ಯಾಡಿ. ನೀವ್ ಬರ್ದಿದ್ದು ಸಾಕು. ನಮ್ಮೂರ್ ಟೀ ಅಂಗ್ಡೀಲಿ ಬಾಯಲ್ಲಿ ಹೇಳಿ, ಸಂಜೆ ಒಳಗೆ ಸಿರಾ ಮುಟ್ತದೆ" ಎಂದರು.

ಅಂಗಡಿಯಲ್ಲಿ ಏಳೆಂಟು ಜನರಿದ್ದರು. ಒಬ್ಬ ಮುದುಕರು ಬೀಡಿ ಹಚ್ಚುತ್ತಿದ್ದರು. ಇಬ್ಬರು ಯುವಕರ ಪ್ಯಾಂಟಿನ ಅಂಚಿಗೆ ಆ ಹೊಲದ ಕೆಮ್ಮಣ್ಣು ಇನ್ನೂ ಮೆತ್ತಿತ್ತು. ಒಂದು ಗುಟುಕು ಟೀ ಕುಡಿದು, ನಿಧಿಯನ್ನು ನಾನು ಎಂದೋ ತೆಗೆದಾಯಿತೆಂದು ಒಪ್ಪಿಕೊಂಡೆ.

ಆ ಯುವಕರಲ್ಲೊಬ್ಬ, "ಏನ್ ಸಿಕ್ತು ಸಾರ್?" ಎಂದ.

ಇದನ್ನು ನಾನು ಯೋಚಿಸಿರಲಿಲ್ಲ. ಎರಡು ದಿನ ಏನು ಯೋಚಿಸಿ ಊಟ ಬಿಟ್ಟೆನೋ! ಚಿನ್ನ ಎಂದರೆ ನಾಳೆ ಜೀಪು ಮನೆಮುಂದೆ. ಏನೂ ಇಲ್ಲ ಎಂದರೆ ಹಾರೆ, ಗುದ್ದಲಿ ಮತ್ತೆ ಹೊಲಕ್ಕೆ. ಬಾಯಿ ತಾನಾಗಿ ಆಡಿತು: "ಕೊಪ್ಪರಿಗೆ ಸಿಕ್ತು. ಮುಚ್ಚಳ ತೆಗೆದೆ. ಪೂರ್ತಿ ಇದ್ದಿಲು."

ಯೋಗವಿಲ್ಲದವನು ಮುಟ್ಟಿದರೆ ನಿಧಿ ಇದ್ದಿಲಾಗುತ್ತದೆಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಎಲ್ಲರೂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸವೆದ ಕಾಲರು, ದಾರ ಕಟ್ಟಿದ ಹೆಲ್ಮೆಟ್ಟು, ಅದರ ನಡುವೆ ಈ ಮುಖ.

"ಅಂಗೇ ಆಗಿರ್ತದೆ ಬುಡು" ಎಂದರು ಮುದುಕರು. "ಮಕ ನೋಡಿದ್ರೇ ಗೊತ್ತಾಗಕ್ಕಿಲ್ವಾ?"

"ಥತ್, ನಮ್ಗೆ ಸಿಗೋದನ್ನ ಹಾಳ್ ಮಾಡ್ಬುಟ್ರಲ್ಲ ಸಾರ್!" ಎಂದು ಯುವಕ ಗ್ಲಾಸು ಕುಕ್ಕಿದ. ಅಂಗಡಿಯವರು ನನ್ನಿಂದ ಟೀ ಕಾಸು ತೆಗೆದುಕೊಳ್ಳಲಿಲ್ಲ. ಮುಚ್ಚಿದ ಸುರಂಗದಲ್ಲಿ ದೀಪ ಉರಿದದ್ದು ಹೇಗೆ, ತಾಮ್ರಪಟ ತುಕ್ಕು ಹಿಡಿಯುತ್ತದೆಯೇ ಎಂದು ಪ್ರತಿ ಕಾದಂಬರಿಗೂ ಕಾಗದ ಬರೆದು ಜೀವ ತಿನ್ನುವ ಈ ಜಿಲ್ಲೆಯ ಓದುಗರು, ಇದೊಂದನ್ನು ಒಂದೇ ಒಂದು ಪ್ರಶ್ನೆ ಕೇಳದೆ ನುಂಗಿದರು.

ಮುಟ್ಟಿದರೂ ಪ್ರಯೋಜನವಿಲ್ಲದ ಹೊಲದ ಮೇಲೆ ಎಲ್ಲರಿಗೂ ದಿಢೀರನೆ ಕರುಣೆ ಹುಟ್ಟಿತು. ಆ ಮಧ್ಯಾಹ್ನವೇ, ಅಂಗಡಿಯಲ್ಲಿದ್ದವರೆಲ್ಲ ಹಗ್ಗ, ಹಾರೆ ಹಿಡಿದು ಕಲ್ಲನ್ನು ನೆಟ್ಟಗೆ ಮಾಡಲು ಹೊರಟರು. ಕೆಮ್ಮಣ್ಣಿನ ಪ್ಯಾಂಟಿನವರೇ ಮುಂದೆ. ನಾನೂ ತೋಳು ಮಡಚಿಕೊಂಡು ಹಗ್ಗಕ್ಕೆ ಕೈ ಹಾಕಿದೆ.

"ನೀವ್ ಮುಟ್ಬ್ಯಾಡಿ ಸಾಮಿ" ಎಂದರು ಹೊಲದಮ್ಮ. "ಅಲ್ಲೇ ನಿಂತ್ಕಳಿ."

ನಾನು ಹತ್ತಿರ ಹೋಗಿ ಪಿಸುಗುಟ್ಟಿದೆ: "ಅಮ್ಮಾ, ಅದು ಸುಳ್ಳು. ನೀವೇ ತಾನೆ ಹೇಳಿಸಿದ್ದು?"

"ತಗಂಡೆ ಅನ್ನಿ ಅಂತ ಹೇಳ್ಕೊಟ್ಟಿದ್ದು ನಾನೇಯ. ಇದ್ದಿಲು ಅಂತ ನಾನ್ ಹೇಳ್ಕೊಟ್ಟಿದ್ನಾ? ನಿಮ್ ಬಾಯಿಗೇ ಬಂತಲ್ಲ." ಒಂದು ಕ್ಷಣ ನನ್ನ ಕೈಗಳನ್ನೇ ನೋಡಿದರು. "ಯಾಕ್ ಬೇಕು, ದೂರ ಇರಿ."

ಎಂಟು ಜೊತೆ ಚಪ್ಪಲಿ ಕಾಯುತ್ತ ಬದುವಿನ ಮೇಲೆ ನಿಂತೆ. ಐಸಾ ಎಂದು ಎಲ್ಲರೂ ಎಳೆದರು. ಅಜ್ಜಪ್ಪ ನೆಟ್ಟಗಾದ.